ಹುಡುಕಾಟದ ಲೆಕ್ಕ

"ಅವನ್ನ ಹಿಡುದ್ಬುಟ್ರ ಇವ್ರ್ಗೆಲ್ಲ ಏನ್ ಕೆಲ್ಸ ಇದ್ದದು?"

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯ ಊರುಗಳಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರು ಈ ಮಾತು ಕೇಳದೆ ಇರಲಿಕ್ಕಿಲ್ಲ. 'ಅವನು' ಅಂದರೆ ವೀರಪ್ಪನ್. ಹೆಸರು ಹೇಳುವ ಅಗತ್ಯವಿರಲಿಲ್ಲ, ಹೇಳುವ ಧೈರ್ಯವೂ ಎಲ್ಲರಿಗೆ ಇರಲಿಲ್ಲ. 'ಇವರು' ಅಂದರೆ ಟಾಸ್ಕ್ ಫೋರ್ಸಿನವರು. ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಸಾವಿನ ಮನೆಯ ಜಗಲಿಯಲ್ಲಿ ಯಾರಾದರೊಬ್ಬರು ಈ ಮಾತು ತೆಗೆಯುತ್ತಿದ್ದರು. ಉಳಿದವರು ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ.

ಈಗ ನಾನು ಮೈಸೂರಿನಲ್ಲಿ ಪಾಠ ಮಾಡುತ್ತೇನೆ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ವೀರಪ್ಪನ್ ಬೇಟೆಯ ಸಾಕ್ಷ್ಯಚಿತ್ರ ಸರಣಿ ಬಂದಾಗ ನನ್ನ ವಿದ್ಯಾರ್ಥಿಗಳು ಅದನ್ನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿ ಬಂದು ಕೇಳಿದ್ದೂ ಇದೇ ಪ್ರಶ್ನೆ, ಬೇರೆ ಭಾಷೆಯಲ್ಲಿ. ಎರಡು ರಾಜ್ಯಗಳ ಪೊಲೀಸರಿಗೆ ಒಬ್ಬ ಮನುಷ್ಯ ಅಷ್ಟು ವರ್ಷ ಸಿಗಲಿಲ್ಲ ಅಂದರೆ ನಂಬೋದು ಹೇಗೆ ಮೇಡಂ? ಬೇಕಂತಲೇ ಬಿಟ್ಟಿದ್ದರಾ? ಬರೀ ಕಾಶ್ಮೀರ, ಅಫ್ಘಾನಿಸ್ತಾನ ಅಂತ ಪುಸ್ತಕಗಳಲ್ಲಿ ಚರ್ಚೆಯಾಗುವ ಪ್ರಶ್ನೆಗೆ ನನ್ನ ಬಳಿ ಊರಿನದೇ ಉದಾಹರಣೆಯಿತ್ತು. ಆದರೆ ಎರಡು ವಾಕ್ಯದಲ್ಲಿ ಹೇಳಿ ಮುಗಿಸುವ ಉತ್ತರ ಇರಲಿಲ್ಲ.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ಅಪ್ಪನದು ರಸ್ತೆಬದಿಯ ಸಣ್ಣ ಹೋಟೆಲು. ಬೆಳಿಗ್ಗೆ ಇಡ್ಲಿ, ಪೂರಿ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಇಡೀ ದಿನ ಟೀ. ನಾನು ಹುಟ್ಟಿದ ಹೊತ್ತಿಗೆ ಅದು ಬೆಟ್ಟಕ್ಕೆ ಹೋಗುವ ಪರಸೆಯವರನ್ನು ನಂಬಿಕೊಂಡಿದ್ದ ವ್ಯಾಪಾರ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗೆ ಕೈತುಂಬ ಕೆಲಸ. ಉಳಿದ ದಿನ ನೊಣ ಹೊಡೆಯುವುದು. ಟಾಸ್ಕ್ ಫೋರ್ಸಿನ ಕ್ಯಾಂಪು ಹತ್ತಿರಕ್ಕೆ ಬಂದ ಮೇಲೆ ಲೆಕ್ಕ ಬದಲಾಯಿತು. ಜೀಪುಗಳು, ವ್ಯಾನುಗಳು, ಪತ್ರಿಕೆಯವರ ಕಾರುಗಳು. ಅಪ್ಪ ಎರಡನೆಯ ಒಲೆ ಹಾಕಿಸಿದ, ರುಬ್ಬುವ ಗುಂಡಿಗೆ ಮೋಟಾರು ಕೂರಿಸಿದ, ನನ್ನನ್ನು ಕೊಳ್ಳೇಗಾಲದ ಹಾಸ್ಟೆಲಿಗೆ ಸೇರಿಸಿದ. ರಾಜ್‌ಕುಮಾರ್ ಅಪಹರಣವಾದ ವರ್ಷ ನಾನು ಪಿಯುಸಿ. ಆ ವರ್ಷದ ನನ್ನ ಫೀಜು ಎಲ್ಲಿಂದ ಬಂತು ಎನ್ನುವುದು ನನಗೆ ಚೆನ್ನಾಗಿ ಗೊತ್ತಿದೆ. ಕರ್ನಾಟಕವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದ ಆ 108 ದಿನ ನಮ್ಮ ಗಲ್ಲಾಪೆಟ್ಟಿಗೆ ಬರಿದಾಗಿರಲಿಲ್ಲ.

ಅಪ್ಪನಿಗೆ ವೀರಪ್ಪನ್ ಸಿಗಬಾರದು ಎಂದಿತ್ತೇ? ಖಂಡಿತ ಇಲ್ಲ. ಸಂಜೆ ಏಳಕ್ಕೆ ಬಾಗಿಲು ಹಾಕಿ, ದೀಪ ತಗ್ಗಿಸಿ, ರಸ್ತೆಯಲ್ಲಿ ಗಾಡಿ ನಿಂತ ಸದ್ದಾದರೆ ಎದೆ ಹಿಡಿದುಕೊಳ್ಳುತ್ತಿದ್ದ ಮನುಷ್ಯ ಆತ. ಆದರೂ ಅವನ ಒಲೆ ಉರಿಯುತ್ತಿದ್ದದ್ದು ಹುಡುಕಾಟ ಮುಂದುವರಿದಿದ್ದರಿಂದ. ಈ ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇದ್ದವು. ಯಾವುದೋ ಕೋಣೆಯಲ್ಲಿ ಕೂತು 'ಅವನನ್ನು ಬಿಟ್ಟುಬಿಡೋಣ' ಎಂದು ಯಾರೋ ತೀರ್ಮಾನ ಮಾಡಿದರು ಎಂಬ ಕತೆಯನ್ನು ನಾನು ನಂಬದೆ ಇರುವುದಕ್ಕೂ, ಊರವರ ಮಾತನ್ನು ಪೂರ್ತಿ ತಳ್ಳಿಹಾಕದೆ ಇರುವುದಕ್ಕೂ ಇದೇ ಕಾರಣ.

ಬಿಟ್ಟುಬಿಟ್ಟರು ಎನ್ನುವವರು ಸತ್ತವರನ್ನು ಮರೆಯುತ್ತಾರೆ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದಿದ್ದರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಜೊತೆಯವರು ಹೊಂಚುದಾಳಿಗೆ ಬಲಿಯಾದರು. ಸುಳ್ಳು ಸುಳಿವು ಕೊಟ್ಟು ಕರೆಸಿಕೊಂಡ ಬಲೆ ಅದು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಹೋದರು. ನಾಟಕಕ್ಕಾಗಿ ಯಾರೂ ಹೀಗೆ ಸಾಯುವುದಿಲ್ಲ.

ಕೆಳಗಿನ ದರ್ಜೆಯವರಿಗಂತೂ ಅವನು ಬೇಗ ಸಿಕ್ಕಿದರೆ ಸಾಕಾಗಿತ್ತು. ನಮ್ಮ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಕೂತು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದ ಉತ್ತರ ಕರ್ನಾಟಕದ ಹೆಡ್ ಕಾನ್‌ಸ್ಟೇಬಲ್ ಒಬ್ಬರಿದ್ದರು. ಇಬ್ಬರು ಹೆಣ್ಣುಮಕ್ಕಳ ತಂದೆ. ನಾನು ಟೀ ಇಟ್ಟರೆ "ಯವ್ವಾ, ಸಕ್ಕರಿ ಸ್ವಲ್ಪ ಜಾಸ್ತಿ ಹಾಕ್ಬೇಕಿತ್ತು" ಎನ್ನುತ್ತಿದ್ದರು. ಎರಡು ಸಲ ಮಲೇರಿಯಾ ಬಂದು ಮಲಗಿದ್ದರು. "ಆಂವಾ ಇವತ್ತ ಸಿಕ್ರ ನಾಳಿ ಊರಿಗ್ ಹೋಗ್ತೇನ್ರೀ ಯಜಮಾನ್ರ" ಎಂದು ಅಪ್ಪನ ಹತ್ತಿರ ಅವರು ಹೇಳುತ್ತಿದ್ದದ್ದು ನನಗಿನ್ನೂ ನೆನಪಿದೆ. ಈ ಮನುಷ್ಯನಿಗೆ ಹುಡುಕಾಟ ಮುಂದುವರಿಯುವುದರಲ್ಲಿ ಯಾವ ಲಾಭ?

ಆದರೆ ಪಡೆ ಎಂದರೆ ಬರೀ ಆ ಹೆಡ್ ಕಾನ್‌ಸ್ಟೇಬಲ್ ಅಲ್ಲ. ಮೇಲಿನ ಮೆಟ್ಟಿಲಿಗೆ ಹೋದಂತೆ ಲೆಕ್ಕ ಬೇರೆಯಾಗುತ್ತದೆ. ಒಬ್ಬ ಅಧಿಕಾರಿ ಒಂದೆರಡು ವರ್ಷಕ್ಕೆ ಬರುತ್ತಾನೆ. ಅಷ್ಟರಲ್ಲಿ ಅವನು ವೀರಪ್ಪನ್‌ನನ್ನು ಹಿಡಿಯುವ ಸಾಧ್ಯತೆ ಕಡಿಮೆ. ಹಿಡಿಯಲಿಲ್ಲ ಅಂತ ಯಾರೂ ಅವನನ್ನು ದೂರುವುದಿಲ್ಲ, ಏಕೆಂದರೆ ಅವನಿಗಿಂತ ಮುಂಚಿನವರೂ ಹಿಡಿದಿರಲಿಲ್ಲ. ಆದರೆ ಇನ್ನೊಂದು ಪಾಲಾರ್ ಆದರೆ? ಆಗ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಇಪ್ಪತ್ತು ಮನೆಗಳಿಗೆ ಹೆಣ ಕಳಿಸಬೇಕಾಗುತ್ತದೆ. ಇಂಥ ಕಡೆ ಬುದ್ಧಿವಂತ ಏನು ಮಾಡುತ್ತಾನೆ? ರಸ್ತೆಯಲ್ಲಿ ಗಸ್ತು ಹಾಕುತ್ತಾನೆ. ಚೆಕ್‌ಪೋಸ್ಟು ಇಡುತ್ತಾನೆ. ಅಕ್ಕಿ, ಬೇಳೆ, ಬ್ಯಾಟರಿ ಸೆಲ್ಲು ಯಾರು ಎಷ್ಟು ಕೊಂಡರು ಎಂದು ಬರೆಸುತ್ತಾನೆ. ಶಂಕಿತರನ್ನು ಹಿಡಿದು ಕೂಡಿಹಾಕುತ್ತಾನೆ. ಇವೆಲ್ಲ ಎಣಿಸಲು ಬರುವ ಕೆಲಸಗಳು. ಇಷ್ಟು ಕೂಂಬಿಂಗ್, ಇಷ್ಟು ದಸ್ತಗಿರಿ, ಇಷ್ಟು ಕಿಲೋ ಗಂಧ ವಶ ಎಂದು ವರದಿ ತುಂಬಬಹುದು. ಕಾಡಿನೊಳಗೆ ಮೂರು ತಿಂಗಳು ಬಾಯಿಮುಚ್ಚಿ ಕಾಯುವುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಹಾಗಾಗಿ 'ಅಪಾಯ ಉಳಿಯಲಿ' ಎಂಬ ಆಸೆ ಅಲ್ಲಿ ಕೆಲಸ ಮಾಡಿತು ಎಂದು ನನಗೆ ಅನ್ನಿಸುವುದಿಲ್ಲ. ಕೆಲಸ ಮಾಡಿದ್ದು 'ನನ್ನ ಕಾಲದಲ್ಲಿ ಏನೂ ಆಗದಿರಲಿ' ಎಂಬ ಆಸೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಪರಿಣಾಮವೂ ಹೆಚ್ಚುಕಡಿಮೆ ಒಂದೇ.

ಇನ್ನೂ ಮೇಲಕ್ಕೆ, ವಿಧಾನಸೌಧಕ್ಕೆ ಹೋದರೆ ಈ ಆಸೆ ಮತ್ತೂ ಗಟ್ಟಿ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ಕರೆದೊಯ್ದ ಮೇಲೆ ಸರ್ಕಾರಗಳ ಏಕೈಕ ಗುರಿ ಅವರು ಜೀವಸಹಿತ ಹಿಂದಿರುಗುವುದು. ಅದು ಸರಿಯೇ. ಬೇರೆ ಏನು ಆಗಿದ್ದರೂ ಬೆಂಗಳೂರು ಉರಿಯುತ್ತಿತ್ತು. ವೀರಪ್ಪನ್‌ನ ಬೇಡಿಕೆಯಂತೆ ಟಾಡಾ ಕೈದಿಗಳ ಮೇಲಿನ ಮೊಕದ್ದಮೆ ಹಿಂಪಡೆಯಲು ಸರ್ಕಾರ ಹೊರಟಾಗ ಅದನ್ನು ತಡೆಯಲು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಸತ್ತ ಶಕೀಲ್ ಅಹ್ಮದ್ ಅವರ ತಂದೆ. ಆ ನವೆಂಬರಿನಲ್ಲಿ ಕೋರ್ಟು ಅವರ ಮಾತು ಒಪ್ಪಿತು. ಆ ಇಡೀ ಗದ್ದಲದಲ್ಲಿ ಹಳೆಯ ಸಾವಿನ ಲೆಕ್ಕ ಕೇಳಿದ್ದು ಮಗನನ್ನು ಕಳಕೊಂಡ ಒಬ್ಬ ಮುದುಕ.

ಆದರೆ ಆ ಟಾಡಾ ಕೈದಿಗಳ ವಿಷಯವೂ ಅಷ್ಟು ಸರಳವಲ್ಲ. ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದವರಲ್ಲಿ ಹೆಚ್ಚಿನವರನ್ನು 2001ರಲ್ಲಿ ಅಲ್ಲಿನ ಟಾಡಾ ನ್ಯಾಯಾಲಯ ಬಿಡುಗಡೆ ಮಾಡಿತು. ಅಂದರೆ ವೀರಪ್ಪನ್ ಕಾಡಿನಲ್ಲಿ ಓಡಾಡಿಕೊಂಡಿದ್ದ ಹೊತ್ತಿಗೆ, ಅವನಿಗೆ ಅಕ್ಕಿ ಕೊಟ್ಟವರು, ಕೊಟ್ಟಿರಬಹುದಾದವರು, ಕೊಟ್ಟವರ ನೆಂಟರು ಒಳಗಿದ್ದರು. ಸಿಗುವವರನ್ನು ಹಿಡಿಯುವುದು ಸುಲಭ.

ಇಲ್ಲೇ ನನಗೆ ಪಿ. ಶ್ರೀನಿವಾಸ್ ನೆನಪಾಗುವುದು. ಅರಣ್ಯ ಇಲಾಖೆಯ ಅಧಿಕಾರಿ. ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಹೋಗಿ ಉಳಿದರು; ಅಲ್ಲಿ ಮಾರಮ್ಮನ ಗುಡಿ ಕಟ್ಟಿಸಿದರು, ಮನೆಗಳಾಗುವಂತೆ ನೋಡಿಕೊಂಡರು, ಔಷಧಿ ಕೊಟ್ಟರು. ಅವರ ಮಾತು ನಂಬಿ ವೀರಪ್ಪನ್ ಗುಂಪಿನ ಕೆಲವರು ಶರಣಾದರು. ಶರಣಾಗುತ್ತೇನೆ ಎಂಬ ಮಾತು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಹೋದ ಅವರನ್ನು ವೀರಪ್ಪನ್ ಕೊಂದು ತಲೆ ಕತ್ತರಿಸಿದ. ಗೋಪಿನಾಥಂನ ಜನ ಇಂದಿಗೂ ಅವರ ಪಟಕ್ಕೆ ಪೂಜೆ ಮಾಡುತ್ತಾರೆ. ಆ ಊರಿನಲ್ಲಿ ಬೇರೆ ಯಾವ ಸರ್ಕಾರಿ ನೌಕರನಿಗೂ ಆ ಭಾಗ್ಯ ಇಲ್ಲ.

ಈ ಸಾವಿನಿಂದ ವ್ಯವಸ್ಥೆ ಕಲಿತ ಪಾಠ ಯಾವುದು? ನಂಬಿಕೆಯ ದಾರಿ ಹಿಡಿದರೆ ತಲೆ ಹೋಗುತ್ತದೆ ಎಂದು. ಆ ಪಾಠವನ್ನು ತಪ್ಪೆನ್ನುವುದು ಕಷ್ಟ. ಆದರೆ ಇನ್ನೊಂದು ಪಾಠವೂ ಅಲ್ಲಿತ್ತು: ವೀರಪ್ಪನ್ ಅಷ್ಟು ಜನರಲ್ಲಿ ಆ ಒಬ್ಬರಿಗೆ ಯಾಕೆ ಅಷ್ಟು ಹೆದರಿದ? ಗುಂಪಿನವರು ಒಬ್ಬೊಬ್ಬರಾಗಿ ಬಿಟ್ಟುಹೋಗುವುದು ಅವನಿಗೆ ಬಂದೂಕಿಗಿಂತ ದೊಡ್ಡ ಭಯವಾಗಿತ್ತು. ಆ ಎರಡನೆಯ ಪಾಠವನ್ನು ಯಾರೂ ಓದಲಿಲ್ಲ. ಪಡೆ ಹಿಗ್ಗಿತು. ಊರಿನವರ ಮೇಲೆ ಸಂಶಯ ಹೆಚ್ಚಾಯಿತು. ಸಂಶಯ ಹೆಚ್ಚಾದಷ್ಟೂ ಸುಳಿವು ಕೊಡುವ ಬಾಯಿ ಮುಚ್ಚಿತು. ಬಾಯಿ ಮುಚ್ಚಿದ್ದರಿಂದ ಇನ್ನಷ್ಟು ಪಡೆ ಬೇಕಾಯಿತು. ಯಾರೂ ಸಂಚು ಮಾಡದೆಯೇ ಒಂದು ಸಂಸ್ಥೆ ತನ್ನ ಕೆಲಸವನ್ನು ತಾನೇ ಉಳಿಸಿಕೊಳ್ಳುವುದು ಹೀಗೆ. ಊರವರು ಬೇಲಿಯೇ ಎದ್ದು ಹೊಲ ಮೇಯ್ತು ಎನ್ನುತ್ತಿದ್ದರು. ನನಗೆ ಕಾಣುವುದು ಅದಲ್ಲ. ಇದು ಹೊಲಕ್ಕಿಂತ ಬೇಲಿಯೇ ಜಾಸ್ತಿ ಜಾಗ ಹಿಡಿದ ಕತೆ.

ಆ ಸಂಶಯದ ಬೆಲೆ ಎಷ್ಟು ಎನ್ನುವುದಕ್ಕೆ ಕಾಗದಗಳಿವೆ. ಜನರ ಮೇಲಾದ ಹಿಂಸೆಯ ದೂರುಗಳನ್ನು ನೋಡಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಅದರ ವರದಿಯ ಮೇಲೆ 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಎಂದು ಆಯೋಗ ಹೇಳಿತು. ಅಷ್ಟು ಹೊತ್ತಿಗೆ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು. ಗಡಿಯ ಆಚೆ ಧರ್ಮಪುರಿ ಜಿಲ್ಲೆಯ ವಾಚಾತಿಯದು ಬೇರೆಯೇ ಕತೆ. 1992ರ ಜೂನ್ 20ರಂದು ಗಂಧ ಹುಡುಕುವ ಹೆಸರಿನಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಬುಡಕಟ್ಟಿನ ಹಳ್ಳಿಗೆ ನುಗ್ಗಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. 2011ರಲ್ಲಿ ನ್ಯಾಯಾಲಯ ಬದುಕಿದ್ದ 215 ಆರೋಪಿಗಳನ್ನೂ ತಪ್ಪಿತಸ್ಥರೆಂದಿತು. ಆರೋಪಿಗಳಲ್ಲಿ 54 ಜನ ತೀರ್ಪು ಬರುವ ಮೊದಲೇ ತೀರಿಕೊಂಡಿದ್ದರು.

ಇನ್ನೊಂದು ಪ್ರಶ್ನೆ ಇದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನು ಕೇಳಿದಳು, ನಮ್ಮ ಊರಿನಲ್ಲಿ ಯಾರೂ ಕೇಳಿದ್ದಿಲ್ಲ: "ಮೇಡಂ, ಅಷ್ಟು ಗಂಧ, ಅಷ್ಟು ದಂತ ಯಾರು ತಗೊಂಡ್ರು?" ಮೀಸೆ ಬಿಟ್ಟ ಮನುಷ್ಯ ಅದನ್ನು ತಾನೇ ತಿನ್ನಲಿಲ್ಲವಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ಗಂಧದ ಮರ ನಮ್ಮಲ್ಲಿ ಸರ್ಕಾರದ ಸ್ವತ್ತು. ರೈತನ ಹೊಲದಲ್ಲಿ ಹುಟ್ಟಿದರೂ ಅವನದಲ್ಲ. ಹೊಲದವನಿಗೆ ಅದನ್ನು ಕಾಯುವ ಆಸೆ ಇರಲಿಲ್ಲ. ಬೆಳೆದರೆ ಇಲಾಖೆಯ ತಲೆನೋವು, ಕದ್ದರೆ ಕೇಸಿನ ತಲೆನೋವು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಮರ ಜಮೀನಿನವನದಾಯಿತು. ಕಳ್ಳಸಾಗಣೆಗೆ ಅಷ್ಟು ಬೆಲೆ ತಂದ ಕಾನೂನು, ಕೊಳ್ಳುತ್ತಿದ್ದ ಕೈಗಳು, ಸಾಗಿಸುತ್ತಿದ್ದ ಲಾರಿಗಳು, ಇವುಗಳ ಬೆನ್ನು ಹತ್ತಲು ವಿಶೇಷ ಪಡೆ ಬೇಕಿರಲಿಲ್ಲ. ಬೇಕಿದ್ದದ್ದು ಬೇರೆ ಥರದ ಪೊಲೀಸು. ಅಪಾಯಕ್ಕೆ ಒಂದು ಮುಖ, ಒಂದು ಮೀಸೆ ಸಿಕ್ಕಿದ ಮೇಲೆ ಉಳಿದದ್ದನ್ನು ನೋಡುವ ಅಗತ್ಯ ಯಾರಿಗೂ ಬರುವುದಿಲ್ಲ. ಬಗೆಹರಿಯದೆ ಉಳಿಯುವುದು ಮುಖ್ಯವಾಗಿ ಈ ಭಾಗ ಎನ್ನುವುದು ನನ್ನ ಅನುಮಾನ.

ಕೊನೆಗೆ ಅವನು ಸಿಕ್ಕಿದ್ದು ಹೇಗೆ? 2002ರಲ್ಲಿ ಮಾಜಿ ಸಚಿವ ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ಹೊತ್ತೊಯ್ದು, ಡಿಸೆಂಬರಿನಲ್ಲಿ ಅವರ ಶವ ಕಾಡಿನಲ್ಲಿ ಸಿಕ್ಕಿದ ಮೇಲೆ 'ಏನೂ ಆಗದಿರಲಿ' ಎಂಬ ಲೆಕ್ಕ ಮುರಿದುಬಿತ್ತು. ತಮಿಳುನಾಡಿನ ಎಸ್‌ಟಿಎಫ್‌ಗೆ ಕೆ. ವಿಜಯಕುಮಾರ್ ಬಂದರು. ಕಾಡು ಸುತ್ತುವ ದೊಡ್ಡ ಪಡೆಯ ಬದಲು, ಅವನ ಸಂಪರ್ಕದ ಒಳಕ್ಕೆ ತಮ್ಮವರನ್ನು ಮೆಲ್ಲಗೆ ಸೇರಿಸಿ, ಕಣ್ಣಿನ ಚಿಕಿತ್ಸೆಗೆಂದು ಅವನೇ ಹೊರಗೆ ಬರುವಂತೆ ಮಾಡಿದರು. 2004ರ ಅಕ್ಟೋಬರ್ 18ರ ರಾತ್ರಿ ಪಾಪರಪಟ್ಟಿಯ ಬಳಿ ಅವನು ಬಂದ ಆಂಬುಲೆನ್ಸನ್ನು ಓಡಿಸುತ್ತಿದ್ದವನು ಪೊಲೀಸಿನವನೇ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಜಯಲಲಿತಾ ಸರ್ಕಾರ ಎಸ್‌ಟಿಎಫ್‌ನವರಿಗೆ ತಲಾ ಮೂರು ಲಕ್ಷ, ಮನೆ ನಿವೇಶನ, ಬಡ್ತಿ ಘೋಷಿಸಿತು. ಮುಗಿಸಿದ್ದಕ್ಕೆ ಸಿಕ್ಕ ಇಂಥ ಬಹುಮಾನ ಅದೊಂದೇ ಸಲ. ಅಲ್ಲಿಯವರೆಗೆ ಹುಡುಕಿದ್ದಕ್ಕೆ ಪ್ರತಿ ತಿಂಗಳೂ ಸಂಬಳವಾಗಿತ್ತು.

ಅಂದು ಊರಿನಲ್ಲಿ ಪಟಾಕಿ ಹೊಡೆದರು. ಅಪ್ಪನೂ ಮಿಠಾಯಿ ಹಂಚಿದ. ಮುಂದಿನ ಯುಗಾದಿಯ ಹೊತ್ತಿಗೆ ಎರಡನೆಯ ಒಲೆ ಆರಿತು. ಬೆಟ್ಟದ ಬಸ್ಸಿನ ವೇಳೆಗೆ ಹೊಂದಿಸಿಕೊಂಡು ಹೋಟೆಲು ಮುಂದುವರಿಯಿತು.

ಪಡೆಗಳು ಹಾಗೆ ಒಲೆ ಆರಿಸುವುದಿಲ್ಲ. ಇದಕ್ಕೆ ನಮ್ಮ ದೇಶದಲ್ಲಿ ಹಳೆಯ ಮಾದರಿಯೇ ಇದೆ. ಥಗ್ಗರನ್ನು ಮಟ್ಟಹಾಕಲು ಕಂಪನಿ ಸರ್ಕಾರ 1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಕೈಕೆಳಗೆ ಒಂದು ಇಲಾಖೆ ಮಾಡಿತು. 1836ರ ಕಾಯ್ದೆಯ ಪ್ರಕಾರ ಒಬ್ಬ ಥಗ್ಗರ ಗುಂಪಿಗೆ ಸೇರಿದವನು ಎಂದು ಸಾಬೀತಾದರೆ ಸಾಕು, ಯಾವ ಕೊಲೆ ಎಂದು ತೋರಿಸಬೇಕಿಲ್ಲ, ಜೀವಾವಧಿ ಶಿಕ್ಷೆ. ನಮ್ಮ ಸುರಪುರದಲ್ಲಿ ಮುಂದೆ ಅಧಿಕಾರಿಯಾಗಿ ಹೆಸರು ಮಾಡಿದ ಮೆಡೋಸ್ ಟೇಲರ್ 1839ರಲ್ಲಿ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಲಂಡನ್ನಿನ ಓದುಗರ ನಿದ್ದೆ ಕೆಡಿಸಿದ. ಅದೇ ವರ್ಷ ಇಲಾಖೆಗೆ ದರೋಡೆಕೋರರ ಕೆಲಸವೂ ಸೇರಿತು. ಥಗ್ಗರು ಮುಗಿದರು ಎಂದು ಸಾರಿ ದಶಕಗಳಾದ ಮೇಲೂ ಇಲಾಖೆ ಇತ್ತು. 1904ರಲ್ಲಿ ಅದನ್ನು ಮುಚ್ಚಿದಾಗಲೂ ಅದರ ಜಾಗಕ್ಕೆ ಬಂದದ್ದು ಕೇಂದ್ರದ ಅಪರಾಧ ಗುಪ್ತಚರ ಇಲಾಖೆ. ಅಷ್ಟು ಹೊತ್ತಿಗೆ ಗುಪ್ತಚರರು ಕಣ್ಣಿಡಬೇಕಾದವರು ಹೆದ್ದಾರಿಯ ಕೊಲೆಗಡುಕರಲ್ಲ, ಸ್ವರಾಜ್ಯ ಕೇಳುವವರು. ತಮಿಳುನಾಡಿನ ಎಸ್‌ಟಿಎಫ್ ಕೂಡ ವೀರಪ್ಪನ್ ನಂತರ ಉಳಿಯಿತು. ಗಡಿಯ ಕಾಡುಗಳಲ್ಲಿ ಮಾವೋವಾದಿಗಳ ಓಡಾಟ ನೋಡುವುದು ಅದರ ಕೆಲಸವಾಯಿತು.

ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ, ಹೇಳದಿದ್ದರೆ ನ್ಯಾಯವಲ್ಲ. ನಕ್ಸಲ್ ಪೀಡಿತ ಎಂಬ ಪಟ್ಟಿಯಲ್ಲಿ ಜಿಲ್ಲೆ ಇದ್ದರೆ ಭದ್ರತೆಯ ಖರ್ಚನ್ನು ಕೇಂದ್ರ ಭರಿಸುತ್ತದೆ. ಅಂಥ ಪಟ್ಟಿ ಬೆಳೆಯುತ್ತಲೇ ಹೋಗಬೇಕಲ್ಲವೇ? 2018ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 126ರಿಂದ 90 ಜಿಲ್ಲೆಗೆ ಇಳಿಸಿತು, ಆಮೇಲೆ ಇನ್ನೂ ಇಳಿಸಿತು. ಹಣ ಕೊಡುವವನು ಬೇರೆ, ಹಣ ಪಡೆಯುವವನು ಬೇರೆ ಆದಾಗ ಲೆಕ್ಕ ಕೇಳುವ ಮನಸ್ಸು ಬರುತ್ತದೆ ಎಂದು ತೋರುತ್ತದೆ.

ಈಚಿನ ಸಂಗತಿ ನಮ್ಮ ಮಲೆನಾಡಿನದು. ಸಾಕೇತ್ ರಾಜನ್ ಎನ್‌ಕೌಂಟರ್ ಆದ 2005ರಲ್ಲಿ ನಕ್ಸಲ್ ನಿಗ್ರಹ ಪಡೆ ಹುಟ್ಟಿತು. ಕಾರ್ಕಳದಲ್ಲಿ ಅದರ ನೆಲೆ. 2024ರ ನವೆಂಬರಿನಲ್ಲಿ ಕಬ್ಬಿನಾಲೆಯ ಬಳಿ ವಿಕ್ರಂ ಗೌಡ ಪಡೆಯ ಗುಂಡಿಗೆ ಸತ್ತ. ಎರಡೇ ತಿಂಗಳಲ್ಲಿ, 2025ರ ಜನವರಿ 8ರಂದು, ಉಳಿದವರಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಅದನ್ನು ಆಗಮಾಡಿದ್ದು ಶರಣಾಗತಿ ಸಮಿತಿಯ ಕೆಲವರು ಮತ್ತು ಶಾಂತಿಗಾಗಿ ನಾಗರಿಕ ವೇದಿಕೆಯವರು, ಮಾತಾಡಿ ಮಾತಾಡಿ. ಫೆಬ್ರವರಿಯ ಮೊದಲ ವಾರದೊಳಗೆ ಇನ್ನಿಬ್ಬರು ಶರಣಾದರು. ಕರ್ನಾಟಕ ನಕ್ಸಲ್ ಮುಕ್ತ ಎಂದು ಸರ್ಕಾರ ಹೇಳಿತು. ಅದೇ ಜೂನಿನಲ್ಲಿ ಕರಾವಳಿಯ ಕೋಮು ಹಿಂಸೆ ತಡೆಯಲು ಮಂಗಳೂರಿನಲ್ಲಿ ವಿಶೇಷ ಕಾರ್ಯಪಡೆ ಉದ್ಘಾಟನೆಯಾಯಿತು; ಅದಕ್ಕೆ ನಕ್ಸಲ್ ನಿಗ್ರಹ ಪಡೆಯಿಂದಲೇ 248 ಜನರನ್ನು ತೆಗೆದುಕೊಂಡರು. ಕೆಟ್ಟದ್ದೆಂದು ಹೇಳುತ್ತಿಲ್ಲ. ಕರಾವಳಿಯಲ್ಲಿ ಕೊಲೆಗಳಾಗಿದ್ದವು, ಜನಕ್ಕೆ ಭಯವಿತ್ತು, ತರಬೇತಿ ಪಡೆದವರು ಖಾಲಿ ಕೂರುವುದಕ್ಕಿಂತ ಇದು ಮೇಲು. ಆದರೆ ಕಾಡಿನಲ್ಲಿ ಎಂಟು ಹತ್ತು ಜನರನ್ನು ಹುಡುಕಲು ಕಲಿತ ಪಡೆ, ಪೇಟೆಯ ದ್ವೇಷದಲ್ಲಿ ಯಾರನ್ನು ಹುಡುಕುತ್ತದೆ, ಅದು ಮುಗಿಯಿತೆಂದು ಯಾವ ದಿನ ಯಾರು ಹೇಳುತ್ತಾರೆ, ಅದನ್ನು ಮೊದಲೇ ಬರೆದಿಡಬಹುದಿತ್ತು.

ಶರಣಾದವರು ಮುಂದಿಟ್ಟ ಬೇಡಿಕೆಗಳಲ್ಲಿ ಕಾಡಂಚಿನ ಜನರ ಭೂಮಿಯ ಹಕ್ಕಿನ ವಿಷಯವಿತ್ತು. ಅದನ್ನು ನೋಡಿಕೊಳ್ಳಲು ಯಾವ ಪಡೆ ಮಾಡಿದ್ದಾರೆ ಎಂದು ಕೊಪ್ಪದ ಕಡೆಯವಳಾದ ನನ್ನ ಸಹೋದ್ಯೋಗಿಯನ್ನು ಸ್ಟಾಫ್ ರೂಮಿನಲ್ಲಿ ತಮಾಷೆಗೆ ಕೇಳಿದೆ. ಅವಳು ಡಬ್ಬಿ ಮುಚ್ಚುತ್ತ, "ಅದಕ್ಕೆಂಥ ಪಡೆ ಮಾರಾಯ್ತಿ, ಫೈಲು ತಾಲ್ಲೂಕಾಫೀಸಲ್ಲಿದೆ" ಅಂದಳು.